ನೋಯದ ಪಾದಕ್ಕೆ ಸ್ಕ್ರೂ, ನೋಯುವ ಪಾದಕ್ಕೆ ಬೈಗುಳ

‘ಹುಡುಗನ ಪಾದ ಜರಾ ನೋಡ್ರಿ ಡಾಕ್ಟ್ರೇ’ ಅಂದರು ನನ್ನ ತಂಗಿಯ ಗಂಡ.

ಡಾಕ್ಟರು ನೋಡಿದರು. ಮುಟ್ಟಿ ನೋಡಿದರು, ತಿರುವಿ ನೋಡಿದರು, ತುದಿಗಾಲ ಮೇಲೆ ನಿಲ್ಲಿಸಿ ನೋಡಿದರು. ಆಮೇಲೆ ಹುಡುಗನನ್ನು ಬಿಟ್ಟು, ಬಾಗಿಲ ಪಕ್ಕದ ಗೋಡೆಗೆ ಒರಗಿ ಒಂಟಿಗಾಲಲ್ಲಿ ನಿಂತಿದ್ದ ಹುಡುಗಿಯ ಕಡೆ ಕೈ ತೋರಿಸಿದರು. ಆಕೆ ಆಗಾಗ ಕಾಲು ಬದಲಿಸುತ್ತಿದ್ದಳು. ಬಿಸಿ ಬಂಡೆಯ ಮೇಲೆ ನಿಂತವರು ಮಾಡುತ್ತಾರಲ್ಲ, ಹಾಗೆ.

‘ಈಕೆ ಯಾರು?’

‘ಅಕಿ ಇವನ ಅಕ್ಕರಿ. ಅಕಿದೇನಿಲ್ಲ ಬಿಡ್ರಿ. ಚಾರ್‌ಮಿನಾರ್ ನೋಡಾಕ ಬಂದಾಳ.’

ಆ ಕೋಣೆಯಲ್ಲಿ ನಾನೂ ಇದ್ದೆ. ಎರಡು ವರ್ಷ ಆಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳಿಯಲಿಲ್ಲ. ಕಳೆದ ಭಾನುವಾರ ಇನ್ನಷ್ಟು ಏರಿತು. ಹಾಗಾಗಿ ಈ ವಾರ ಬರೆದೇಬಿಡುತ್ತೇನೆ. ನನ್ನ ಬಿ.ಪಿ.ಗೂ ಅದೇ ಒಳ್ಳೆಯದು.

ಮೊದಲಿನಿಂದ ಹೇಳುತ್ತೇನೆ.

ನಾನಿರುವುದು ಬಸವಕಲ್ಯಾಣದಲ್ಲಿ. ತಂಗಿ ಮಹಾನಂದಾಳನ್ನು ಕೊಟ್ಟಿರುವುದು ಹುಮನಾಬಾದಿಗೆ. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನೆಂಟರ ಪೈಕಿಯವರು ಊಹೆ ಮಾಡುವ ಕಷ್ಟ ತೆಗೆದುಕೊಳ್ಳಬೇಡಿ, ನಿಮಗೆ ಗೊತ್ತೇ ಇದೆ.) ಗಂಡ ರೇವಣಪ್ಪನವರದು ಪೈಪು, ಪಂಪ್‌ಸೆಟ್ ಮಾರುವ ಅಂಗಡಿ. ಚಟ ಇಲ್ಲ. ಗುರುವಾರ ತಪ್ಪದೆ ಊರ ಪಕ್ಕದ ಮಾಣಿಕನಗರದ ಗುಡಿಗೆ ಹೋಗಿ ಕೈಮುಗಿದು ಬರುತ್ತಾರೆ. ಓಣಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಜೀಪು ಹುಡುಕಿ ದವಾಖಾನೆಗೆ ಒಯ್ಯುವವರಲ್ಲಿ ಇವರೇ ಮೊದಲಿಗರು. ಕೆಟ್ಟ ಮನುಷ್ಯ ಅಂತ ನಾನು ಹೇಳುವ ಹಾಗಿಲ್ಲ. ನನ್ನ ತೊಂದರೆಯೇ ಅದು. ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಸುಲಭ!

ಮಕ್ಕಳು ಇಬ್ಬರು. ದೊಡ್ಡವಳು ಸುವರ್ಣ, ಆಗ ಹನ್ನೊಂದು ವರ್ಷ. ಚಿಕ್ಕವನು ಸಂತೋಷ, ಒಂಬತ್ತು. ಇಬ್ಬರ ಪಾದವೂ ಚಪ್ಪಟೆ. ಬಚ್ಚಲಿನಿಂದ ಒದ್ದೆ ಕಾಲಲ್ಲಿ ಬಂದರೆ ನಮ್ಮ ನಿಮ್ಮ ಹೆಜ್ಜೆ ಕಲ್ಲಿನ ನೆಲದ ಮೇಲೆ ನಡುವೆ ಕಿರಿದಾಗಿ ಮೂಡುತ್ತದೆ. ಇವರಿಬ್ಬರದು ಹಾಗಲ್ಲ. ಇಡೀ ಅಂಗಾಲು ತುಂಬಿ ಅಚ್ಚು ಒತ್ತಿದ ಹಾಗೆ ಮೂಡುತ್ತದೆ. ನಿಂತಾಗ ಪಾದದ ಕಮಾನು ನೆಲಕ್ಕೆ ಇಳಿದುಬಿಡುತ್ತದೆ, ಕಾಲು ಎತ್ತಿದರೆ ಮತ್ತೆ ಬರುತ್ತದೆ.

ಚಿಕ್ಕಂದಿನಿಂದ ಹಾಗೇ ಇದ್ದ ಪಾದಗಳು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ರಾಜೇಶ್ವರದ ಕಡೆಯ ನಿವೃತ್ತ ಹವಾಲ್ದಾರರೊಬ್ಬರು ಮೋಟಾರು ಕೊಳ್ಳಲು ಅಂಗಡಿಗೆ ಬಂದ ದಿನದವರೆಗೆ. ಅವರು ಸಂತೋಷ ಬರಿಗಾಲಲ್ಲಿ ನಿಂತಿದ್ದನ್ನು ನೋಡಿದರು.

‘ಇವನ ಪಾದ ಫ್ಲಾಟ್ ಅವಲ್ಲೋ ರೇವಣಪ್ಪ! ಮಿಲಿಟರಿದವ್ರು ಇಂಥಾ ಪಾದ ತಗೊಳ್ಳಂಗಿಲ್ಲ.’

ಮುಗಿಯಿತು. ರೇವಣಪ್ಪನವರಿಗೆ ಮಗನನ್ನು ಮಿಲಿಟರಿ ಶಾಲೆಗೆ ಸೇರಿಸಿ ಆಫೀಸರ್ ಮಾಡುವ ಆಸೆ. (ಹುಡುಗನ ಆಸೆ ಏನು ಅಂತ ನಾನೊಮ್ಮೆ ಕೇಳಿದ್ದೆ. ‘ಬಸ್ ಕಂಡಕ್ಟರ್’ ಅಂದ. ಸೀಟಿ ಊದಬಹುದಂತೆ.) ಅವತ್ತಿನಿಂದ ಆ ಮನೆಯಲ್ಲಿ ಹುಡುಗನ ಪಾದಸೇವೆ ಶುರುವಾಯಿತು. ಬೆಳಿಗ್ಗೆ ಔಡಲೆಣ್ಣೆ ತಿಕ್ಕುವುದು. ಲಟ್ಟಣಿಗೆಯ ಮೇಲೆ ಪಾದ ಉರುಳಿಸುವುದು. ಅಂಗಳಕ್ಕೆ ಉಸುಕು ಹೊಡೆಸಿ ಅದರ ಮೇಲೆ ನಡೆಸುವುದು. ಆಯಿ, ಅಂದರೆ ರೇವಣಪ್ಪನವರ ತಾಯಿ, ಮೊಮ್ಮಗನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಚಹಾ ಆರಿಹೋಗುವವರೆಗೂ ಏಳುತ್ತಿರಲಿಲ್ಲ.

ಹುಡುಗ? ಇದೆಲ್ಲ ಮುಗಿಯುತ್ತಲೇ ಬ್ಯಾಟು ಹಿಡಿದು ಓಡುತ್ತಿದ್ದ. ಅವನಿಗೆ ಒಂದು ಚೂರೂ ನೋವಿರಲಿಲ್ಲ. ‘ಕಾಲು ನೋಯ್ತಾವೇನೋ?’ ಅಂದರೆ, ‘ಯಾಕ ನೋಯಬೇಕು?’ ಅಂತ ನನ್ನನ್ನೇ ಕೇಳುತ್ತಿದ್ದ.

ಈಗ ಸುವರ್ಣಾಳ ವಿಷಯಕ್ಕೆ ಬನ್ನಿ.

ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಆಕೆ ಕೂರದ ಕಟ್ಟೆ ಇರಲಿಲ್ಲ. ಪಾನ್ ಅಂಗಡಿಯ ಕಟ್ಟೆ, ಹಿಟ್ಟಿನ ಗಿರಣಿಯ ಕಟ್ಟೆ, ಪಂಕ್ಚರ್ ತಿದ್ದುವ ಅಂಗಡಿಯ ಕಟ್ಟೆ. ಗೆಳತಿಯರು ಸ್ವಲ್ಪ ದಿನ ಕಾದರು, ಆಮೇಲೆ ಮುಂದೆ ಹೋಗಿಬಿಡುತ್ತಿದ್ದರು. ಕುಂಟೆಬಿಲ್ಲೆ ಆಡಲು ಕರೆಯುವುದನ್ನೂ ಬಿಟ್ಟರು. ಸಂಜೆ ಹೊತ್ತಿಗೆ ಹುಡುಗಿ ಪಡಸಾಲೆಯಲ್ಲಿ ಹರಡಿನ (ಕಾಲ್ಗಂಟಿನ) ಕೆಳಗೆ ಕೈ ಒತ್ತಿ ಹಿಡಿದುಕೊಂಡು, ‘ಅವ್ವಾ, ಭಾಳ ಬ್ಯಾನಿ ಆಗಾಕತ್ತದ’ ಅನ್ನುತ್ತಿದ್ದಳು.

ಇದಕ್ಕೆ ಆ ಮನೆಯಲ್ಲಿ ಸಿಗುತ್ತಿದ್ದ ಇಲಾಜು ಕೇಳಿ.

‘ಸಾಲಿಗಿ ಹೋಗಾಕ ಒಲ್ಲದಕ್ಕ ನಾಟಕ ಮಾಡ್ತಾಳ’ ಅನ್ನುತ್ತಿದ್ದರು ಅಪ್ಪ.

‘ಹೆಣ್ಣಹುಡುಗಿ ಇಷ್ಟು ನಾಜೂಕ್ ಇದ್ದರ ನಾಳೆ ಅತ್ತಿ ಮನಿಯಾಗ ಹ್ಯಾಂಗ ಬಾಳ್ವಿ ಮಾಡ್ತಾಳ?’ ಅನ್ನುತ್ತಿದ್ದರು ಆಯಿ. ಮೊಮ್ಮಗನ ಪಾದಕ್ಕೆ ಎಣ್ಣೆ ಹಚ್ಚುತ್ತಲೇ!

ಶಾಲೆಯ ಪಿ.ಟಿ. ಮಾಸ್ತರರದು ಇನ್ನೂ ಒಂದು ಕೈ ಮೇಲೆ. ಆಗಸ್ಟ್ ಹದಿನೈದರ ಕವಾಯತಿನ ತಾಲೀಮು ನಡೆದಿತ್ತು. ಹುಡುಗಿ ನಡುವೆಯೇ ಸಾಲು ಬಿಟ್ಟು ನೆಲಕ್ಕೆ ಕೂತಳು. ‘ಕಾಮಚೋರ್!’ ಅಂತ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿ, ತಾಲೀಮು ಮುಗಿಯುವವರೆಗೂ ಧ್ವಜಕಂಬದ ಪಕ್ಕ ಒಬ್ಬಳನ್ನೇ ನಿಲ್ಲಿಸಿದರಂತೆ. ನಿಂತರೆ ನೋಯುತ್ತದೆ ಅಂದವಳಿಗೆ ನಿಲ್ಲುವ ಶಿಕ್ಷೆ. ಇಂಥ ಬುದ್ಧಿ ಇವರಿಗೆ ಯಾವ ಟ್ರೇನಿಂಗಿನಲ್ಲಿ ಕಲಿಸುತ್ತಾರೆ?

ಒಂದೇ ತಾಯಿಯ ಮಕ್ಕಳು, ಒಂದೇ ಥರದ ಪಾದ. ಹುಡುಗನದು ಸಮಸ್ಯೆ. ಹುಡುಗಿಯದು ನಾಟಕ.

ಅಷ್ಟರಲ್ಲಿ ಯಾರದೋ ಮದುವೆಯಲ್ಲಿ ಯಾರೋ ರೇವಣಪ್ಪನವರ ಕಿವಿಗೆ ಹಾಕಿದರು: ಈಗ ಮಕ್ಕಳ ಪಾದದೊಳಗೆ ಸಣ್ಣ ಸ್ಕ್ರೂ ಕೂರಿಸುತ್ತಾರಂತೆ, ಕಮಾನು ತಾನೇ ಎದ್ದು ನಿಲ್ಲುತ್ತದಂತೆ, ಹೈದರಾಬಾದಿನಲ್ಲಿ ಡಾಕ್ಟರಿದ್ದಾರಂತೆ. ಪೈಪು, ನಟ್ಟು, ಬೋಲ್ಟಿನ ವ್ಯಾಪಾರಿಗೆ ಇದಕ್ಕಿಂತ ಹಿಡಿಸುವ ಮಾತು ಬೇರೆ ಉಂಟೇ? ಮರುವಾರವೇ ಹೊರಟರು. ಆಯಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಮಹಾನಂದಾ ಮನೆ ಬಿಡುವ ಹಾಗಿರಲಿಲ್ಲ. ನಾನು ಜೊತೆಗೆ ಹೋದೆ. ‘ಸುವರ್ಣಾನೂ ಬರಲಿ, ಬಳಿ ಕೊಡಸ್ತೀನಿ, ಚಾರ್‌ಮಿನಾರ್ ತೋರಸ್ತೀನಿ’ ಅಂತ ಹಟ ಹಿಡಿದು ಆಕೆಯನ್ನೂ ಬಸ್ಸು ಹತ್ತಿಸಿದೆ.

ಹೀಗೆ ನಾವು ಆ ಡಾಕ್ಟರ ಎದುರಿಗೆ ಕೂತದ್ದು. (ಮಾತೆಲ್ಲ ನಡೆದದ್ದು ಹಿಂದಿಯಲ್ಲಿ. ನಮ್ಮ ಕಡೆಯವರಿಗೆ ಹೈದರಾಬಾದಿನಲ್ಲಿ ಮಾತಿನ ತೊಂದರೆ ಎಲ್ಲಿಯದು? ನಿಮಗೆ ಕನ್ನಡದಲ್ಲೇ ಹೇಳುತ್ತಿದ್ದೇನೆ.)

ಡಾಕ್ಟರು ಮೊದಲು ಹುಡುಗನ ಲೆಕ್ಕ ಮುಗಿಸಿದರು.

‘ನೋಡಿ, ತುದಿಗಾಲಲ್ಲಿ ನಿಂತ ಕೂಡಲೇ ಕಮಾನು ಬರುತ್ತದೆ. ಪಾದ ಮೆತ್ತಗಿದೆ, ಬಾಗುತ್ತದೆ. ನೋವಿಲ್ಲ, ಓಡುತ್ತಾನೆ, ಜಿಗಿಯುತ್ತಾನೆ. ಇಂಥ ಎಷ್ಟೋ ಮಕ್ಕಳಿಗೆ ಏನೂ ಮಾಡಬೇಕಾಗಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಆಡಲಿ.’

‘ಆದ್ರ ಮಿಲಿಟರಿ ಮೆಡಿಕಲ್‌ನಾಗ...’

‘ಯಾರದೋ ಪರೀಕ್ಷೆ ಪಾಸಾಗಲಿ ಅಂತ ನೋಯದ ಮಗುವಿನ ಕಾಲು ಕೊಯ್ಯಲು ನನ್ನ ಕೈಲಿ ಆಗುವುದಿಲ್ಲ.’

ಎಷ್ಟು ಒಳ್ಳೆಯ ಮಾತು! ನಾನು ಎದ್ದು ಕೈಮುಗಿಯಬೇಕು ಅಂದುಕೊಂಡೆ. ರೇವಣಪ್ಪನವರ ಮುಖ ಮಾತ್ರ ಸಾಲ ಕೇಳಿ ಇಲ್ಲ ಅನ್ನಿಸಿಕೊಂಡವರ ಹಾಗೆ ಸಣ್ಣಗಾಯಿತು.

ಆಮೇಲೆ ಡಾಕ್ಟರು ಸುವರ್ಣಾಳನ್ನು ಮೇಜಿನ ಮೇಲೆ ಕೂರಿಸಿದರು. ಚಪ್ಪಲಿ ತೆಗೆದು ನನಗೆ ತೋರಿಸಿದರು. ಒಳಬದಿ ಮಾತ್ರ ಸವೆದು ಕಾಗದದ ಹಾಗಾಗಿತ್ತು. ಹೊರಬದಿ ಹೊಸದರ ಹಾಗೆ ಇತ್ತು.

‘ಕಾಲು ನೋಯುತ್ತದಾ ಮಗಳೇ?’

ಹುಡುಗಿ ಉತ್ತರ ಕೊಡುವ ಮೊದಲು ಅಪ್ಪನ ಮುಖ ನೋಡಿದಳು. ಆ ನೋಟ ಡಾಕ್ಟರಿಗೂ ಕಾಣಿಸಿತು.

‘ಇಲ್ಲರಿ.’

ಡಾಕ್ಟರು ಹರಡಿನ ಕೆಳಗೆ, ಪಾದದ ಹೊರಬದಿಯಲ್ಲಿ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿದರು. ಹುಡುಗಿ ಕೂಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು, ಕಣ್ಣಿನಿಂದ ನೀರು ತಾನಾಗೇ ಇಳಿಯಿತು. ಹನ್ನೊಂದು ವರ್ಷದ ಮಗು ಸದ್ದಿಲ್ಲದೆ ಅಳುವುದನ್ನು ಕಲಿತಿದೆ ಅಂದರೆ ಆ ಮನೆಯ ದೊಡ್ಡವರೆಲ್ಲ ಸೇರಿ ಚೆನ್ನಾಗಿಯೇ ಪಾಠ ಮಾಡಿದ್ದಾರೆ ಅಂತ ಅರ್ಥ.

‘ಎಷ್ಟು ದಿನದಿಂದ?’ ಅಂತ ಡಾಕ್ಟರು ಕೇಳಿದ್ದು ಅಪ್ಪನನ್ನು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು.

‘ಮೂರನೇ ಇಯತ್ತೆಯಿಂದ’ ಅಂದಳು ಸುವರ್ಣ.

ಆಕೆ ಆಗ ಆರನೇ ತರಗತಿ.

ಡಾಕ್ಟರು ಪ್ಲಾಸ್ಟಿಕ್ಕಿನ ಪಾದದ ಎಲುಬು ತಂದು ತೋರಿಸಿದರು. ಹರಡಿನ ಕೆಳಗಿನ ಎಲುಬಿಗೂ ಹಿಮ್ಮಡಿಯ ಎಲುಬಿಗೂ ನಡುವೆ ಸಣ್ಣ ಸಂದು ಇದೆ. ನಿಂತಾಗ ಈಕೆಯ ಪಾದ ಅಲ್ಲಿಂದಲೇ ಒಳಗೆ ಕುಸಿಯುತ್ತದೆ. ಆ ಸಂದಿನಲ್ಲಿ ಬೆರಳ ತುದಿಯಷ್ಟು ಗಾತ್ರದ ಲೋಹದ ಸ್ಕ್ರೂ ಕೂರಿಸಿದರೆ ಪಾದ ಅಷ್ಟು ಕುಸಿಯದ ಹಾಗೆ ಅದು ತಡೆಯುತ್ತದೆ. ಮಗು ಬೆಳೆಯುವಾಗ ಪಾದವೂ ಆ ಆಕಾರಕ್ಕೆ ಒಗ್ಗಬಹುದು.

‘ಆದರೆ ಇವತ್ತೇ ಅಲ್ಲ’ ಅಂದರು. ‘ಇದು ಜಾದೂ ಅಲ್ಲ. ಕೆಲವು ಡಾಕ್ಟರು ಇದನ್ನು ಒಪ್ಪುವುದೂ ಇಲ್ಲ. ಕೆಲವರಿಗೆ ಆ ಸ್ಕ್ರೂವೇ ನೋಯುತ್ತದೆ, ತೆಗೆಯಬೇಕಾಗುತ್ತದೆ. ಮೊದಲು ಆರು ತಿಂಗಳು ವ್ಯಾಯಾಮ ಮಾಡಿಸಿ, ಕಣಕಾಲಿನ ಹಿಂದಿನ ಸ್ನಾಯು ಬಿಗಿದಿದೆ, ಅದು ಸಡಿಲಾಗಲಿ. ಬೂಟಿನೊಳಗೆ ಹಾಕುವ ಮೆತ್ತೆ ಬರೆದುಕೊಡುತ್ತೇನೆ. ಆಗಲೂ ನೋವು ಹೋಗದಿದ್ದರೆ ಬನ್ನಿ, ಯೋಚಿಸೋಣ.’

ಸುವರ್ಣ ಬಹಳ ಹೊತ್ತು ಆ ಪ್ಲಾಸ್ಟಿಕ್ ಪಾದವನ್ನೇ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ನನ್ನ ಸೆರಗು ಜಗ್ಗಿ ಕೇಳಿದಳು:

‘ದೊಡ್ಡವ್ವ, ಹಂಗಾರ ನಾ ಖರೇನೇ ಹೇಳಾಕತ್ತಿದ್ದೆ, ಹೌದಲ್ಲ?’

ತನಗೆ ನೋವಾಗುವುದು ನಿಜ ಅನ್ನುವುದನ್ನು ಒಂದು ಮಗು ನೂರು ಮೈಲಿ ದೂರದ ಅಪರಿಚಿತನಿಂದ ತಿಳಿಯಬೇಕಾಯಿತು. ಚಾರ್‌ಮಿನಾರಿಗೆ ಹೋಗೋಣ ಅಂದೆ. ‘ನಡೀಬೇಕಾಗ್ತದೇನು?’ ಅಂದಳು. ಸ್ವಲ್ಪ ನಡೆಯಬೇಕು ಅಂದೆ. ‘ಹಂಗಾರ ಬ್ಯಾಡ’ ಅಂದಳು. ಬಳೆ ನಾನೊಬ್ಬಳೇ ಹೋಗಿ ತಂದೆ.

ವಾಪಸ್ ಬರುವಾಗ ಜಹೀರಾಬಾದ್ ದಾಟಿದ ಮೇಲೆ ರೇವಣಪ್ಪನವರು ಹೇಳಿದ ಮಾತು ಕೇಳಿ: ‘ಈ ಡಾಕ್ಟ್ರಿಗಿ ತಲಿ ಇಲ್ಲ ಅಕ್ಕಾರ. ಹುಡುಗಂದು ಬಿಟ್ಟು ಹುಡುಗಿದು ಹಿಡಕೊಂಡು ಕುಂತಾನ.’

ಊರಿಗೆ ಬಂದ ಮೇಲೆ ಮಹಾನಂದಾ ಮಗಳಿಗೆ ವ್ಯಾಯಾಮ ಶುರು ಮಾಡಿದಳು. ಗೋಡೆಗೆ ಕೈ ಕೊಟ್ಟು, ಹಿಮ್ಮಡಿ ನೆಲಕ್ಕೆ ಊರಿ, ಕಣಕಾಲು ಎಳೆಯುವುದು. ಒಂದು ದಿನವೂ ತಪ್ಪಿಸಲಿಲ್ಲ ತಾಯಿ, ಮಗಳು. ಮೆತ್ತೆಯೂ ಬಂತು. ಆದರೆ ಮೆತ್ತೆ ಹಾಕಲು ಬೂಟು ಬೇಕಲ್ಲ? ಹವಾಯಿ ಚಪ್ಪಲಿಯಲ್ಲಿ ಎಲ್ಲಿ ಕೂರುತ್ತದೆ? ‘ಹೆಣ್ಣಹುಡುಗಿ ದಿನಾ ಬೂಟ್ ಹಾಕ್ಕೊಂಡು ಫೌಜ್‌ದಾರ್ ಆಗಬೇಕೇನು?’ ಅಂತ ಆಯಿ ನಕ್ಕರು. (ಆ ಮನೆಯಲ್ಲಿ ಫೌಜ್‌ದಾರ್ ಆಗುವ ಹಕ್ಕು ಯಾರಿಗಿದೆ ಅಂತ ನಿಮಗೆ ಗೊತ್ತು.) ಮಹಾನಂದಾ ಮಗನ ಹಳೆಯ ಶಾಲೆ ಬೂಟನ್ನೇ ಮಗಳಿಗೆ ಹಾಕಿಸಿದಳು. ತಮ್ಮನ ಕಾಲು ಅಕ್ಕನದಷ್ಟೇ ದೊಡ್ಡದಿತ್ತು, ಪುಣ್ಯ.

ಇತ್ತ ರೇವಣಪ್ಪನವರು ಸುಮ್ಮನಿದ್ದರು ಅಂದುಕೊಂಡಿರಾ? ಒಬ್ಬರು ಬೇಡ ಅಂದರೆ ಹೂಂ ಅನ್ನುವ ಇನ್ನೊಬ್ಬರು ನಮ್ಮ ದೇಶದಲ್ಲಿ ಸಿಗದೇ ಇರುತ್ತಾರೆಯೇ? ಬೇರೆ ಊರಿನಲ್ಲಿ, ಬೇರೆ ಆಸ್ಪತ್ರೆಯಲ್ಲಿ ಸಿಕ್ಕರು. ಎಕ್ಸ್‌ರೇ ನೋಡಿದರಂತೆ. ಹುಡುಗನಿಗೆ ನೋವಿದೆಯೇ ಅಂತ ಕೇಳಿದರಾ ಅಂದೆ. ‘ಅದೇನು ಕೇಳಲಿಲ್ಲ. ಮಾಡೋಣ ಅಂದ್ರು’ ಅಂದರು ರೇವಣಪ್ಪ, ಖುಷಿಯಿಂದ. ಬೇಸಿಗೆ ರಜೆಯಲ್ಲಿ ಸಂತೋಷನ ಎರಡೂ ಪಾದಗಳಿಗೆ ಸ್ಕ್ರೂ ಬಿತ್ತು.

ಸುದ್ದಿ ಕೇಳಿ ಹುಮನಾಬಾದಿಗೆ ಹೋದೆ. ಆ ಮನೆಯಲ್ಲಿ ಕಂಡದ್ದನ್ನು ಹೇಗೆ ಬರೆಯಲಿ?

ಪಡಸಾಲೆಯ ಮಂಚದ ಮೇಲೆ ಹುಡುಗ. ಎರಡೂ ಕಾಲಿಗೆ ಪ್ಲಾಸ್ಟರು. ಸುತ್ತ ನೆಂಟರು. ಸೇಬು, ಬಿಸ್ಕೀಟು, ಎಳನೀರು. ನಿಶ್ಚಿತಾರ್ಥದ ವರನನ್ನು ನೋಡಲು ಬಂದ ಹಾಗೆ ಜನ. ‘ಪಾಪ ಕೂಸು’ ಅಂತ ಎಲ್ಲರೂ ತಲೆ ಸವರುವವರೇ. ಮತ್ತು ಬಂದವರಿಗೆ ಚಹಾ, ತಮ್ಮನಿಗೆ ನೀರು, ತಮ್ಮನಿಗೆ ಬೀಸಣಿಗೆ, ಆಯಿಗೆ ಎಲೆಯಡಿಕೆ ಅಂತ ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಿದ್ದವಳು ಸುವರ್ಣ. ಬರಿಗಾಲಲ್ಲಿ. ಕಲ್ಲು ಹಾಸಿದ ನೆಲದ ಮೇಲೆ. ಪಾದ ಒಳಕ್ಕೆ ಹೊರಳಿಸಿಕೊಂಡು.

ಕಾಲು ನೋಯದವನು ಮಂಚದ ಮೇಲೆ ಮಲಗಿದ್ದ. ಕಾಲು ನೋಯುವವಳು ಅವನ ಸೇವೆ ಮಾಡುತ್ತಿದ್ದಳು.

ನಾನು ಕೂಗಾಡಿದೆ. ನೆಂಟರ ಎದುರಿಗೇ. ಏನೇನು ಅಂದೆ ಅಂತ ಪೂರ್ತಿ ನೆನಪಿಲ್ಲ, ಅಂದದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಹುಡುಗಿಯ ಕೈಯಿಂದ ಟ್ರೇ ಕಸಿದುಕೊಂಡು ಆಕೆಯನ್ನು ಅದೇ ಮಂಚದ ಇನ್ನೊಂದು ತುದಿಗೆ ಕೂರಿಸಿದೆ. ‘ಅಕ್ಕಾರ, ಮಂದಿ ಮುಂದ ಇದೇನು?’ ಅಂದರು ರೇವಣಪ್ಪ. ‘ಮಂದಿ ಮುಂದನ ಆಗಬೇಕು’ ಅಂದೆ. ಆಯಿ ಮುಖ ತಿರುವಿದರು. ನೆಂಟರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು.

ಅಡುಗೆಮನೆಗೆ ಹೋದರೆ ಮಹಾನಂದಾ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ನನ್ನನ್ನೇ ಬೈಯುತ್ತಾಳೆ ಅಂದುಕೊಂಡೆ. ಆಕೆ ಸೀರೆಯ ನಿರಿಗೆ ಸ್ವಲ್ಪ ಎತ್ತಿ ಕಾಲು ಮುಂದೆ ಚಾಚಿದಳು.

‘ನನ್ನ ಪಾದ ನೋಡಕ್ಕ.’

ಮಗಳದೇ ಪಾದ. ಒಳಗೆ ಕುಸಿದದ್ದು, ಅಂಗಾಲು ಪೂರ್ತಿ ನೆಲಕ್ಕೆ ಅಂಟಿದ್ದು.

‘ದಿನಾ ನೋಯ್ತಾವೇನು? ಯಾವಾಗಿಂದ?’ ಅಂದೆ.

‘ಯಾವಾಗಿಂದ ಅಂತ ನೆನಪಿಲ್ಲ. ನಿಂತು ಕೆಲಸ ಮಾಡಿದರ ಎಲ್ಲರಿಗೂ ಹಿಂಗೇ ನೋಯ್ತಾವ ಅಂದ್ಕೊಂಡಿದ್ದೆ. ಅದಕ್ಕೇ ಅಕಿಗೂ ತಡಕೋ ಅಂತಿದ್ದೆ. ನಿನಗ ನೋಯಂಗಿಲ್ಲೇನು ಅಕ್ಕ? ಖರೇನಾ?’

ಖರೇನೇ ನನಗೆ ನೋಯುವುದಿಲ್ಲ. ಮೂವತ್ತೈದು ವರ್ಷದ ಹೆಂಗಸಿಗೆ, ಎರಡು ಮಕ್ಕಳ ತಾಯಿಗೆ, ಕಾಲು ನೋಯದೆಯೂ ಬದುಕಬಹುದು ಅನ್ನುವುದು ಅವತ್ತು ಗೊತ್ತಾಯಿತು. ಆಕೆ ಅಳಲಿಲ್ಲ. ಒಲೆ ಆರಿಸಿದಳು. ‘ಆರು ತಿಂಗಳಾತು. ಅಕಿಗಿ ನೋವು ಹೋಗಿಲ್ಲ. ನಾ ಕರ್ಕೊಂಡು ಹೋಗ್ತೀನಿ’ ಅಂದಳು. ಕೇಳಿದ್ದಲ್ಲ, ಹೇಳಿದ್ದು. ಮದುವೆಯಾದ ಮೇಲೆ ಆಕೆಯ ಬಾಯಲ್ಲಿ ಆ ಥರದ ವಾಕ್ಯ ಕೇಳಿದ್ದು ನಾನು ಅದೇ ಮೊದಲು.

ರೇವಣಪ್ಪ ಬಿಡುತ್ತಾರೆಯೇ? ‘ಹುಡುಗಿ ಕಾಲು ಕೊಯ್ಸಿದರ ನಾಳೆ ಯಾರು ಮಾಡಿಕೊಳ್ತಾರ?’ ಅಂದರು. ‘ಕುಂಟ್ಕೋತ ನಡದರ ಯಾರು ಮಾಡಿಕೊಳ್ತಾರ್ರಿ?’ ಅಂದಳು ಮಹಾನಂದಾ. ಅದು ಅವರಿಗೆ ತಕ್ಷಣ ಅರ್ಥವಾಯಿತು. (ನನ್ನ ತಂಗಿ ನಾನು ತಿಳಿದದ್ದಕ್ಕಿಂತ ಜಾಣೆ. ಆದರೆ ನೋಡಿ, ಮಗಳ ನೋವಿಗೆ ಇಲಾಜು ಮಾಡಿಸಲು ಆಕೆ ಮಗಳ ಮದುವೆಯ ಆಸರೆ ಹಿಡಿಯಬೇಕಾಯಿತು!)

ಅಷ್ಟರಲ್ಲಿ ಇನ್ನೊಂದು ಆಯಿತು. ಸಂತೋಷನ ಪ್ಲಾಸ್ಟರು ಬಿಚ್ಚಿದರು. ಪಾದದಲ್ಲಿ ಕಮಾನು ಕಂಡಿತು. ರೇವಣಪ್ಪನವರು ಓಣಿಗೆಲ್ಲ ಪೇಡೆ ಹಂಚಿದರು. ಹುಡುಗ ಎದ್ದು ನಡೆದ, ಎರಡು ಹೆಜ್ಜೆಗೆ ‘ಅವ್ವಾ’ ಅಂತ ಕೂತ. ಕಾಲಿಗೆ ಸ್ಕ್ರೂ ಒಗ್ಗಬೇಕು ಅಂದರು ಅಪ್ಪ. ಮಳೆಗಾಲ ಬಂತು, ಒಗ್ಗಲಿಲ್ಲ. ಶಾಲೆ ಶುರುವಾಯಿತು, ಒಗ್ಗಲಿಲ್ಲ. ಗಾಳಿಯ ಹಾಗೆ ಓಡುತ್ತಿದ್ದ ಹುಡುಗ ಗಿರಣಿಯ ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂರತೊಡಗಿದ. ಸ್ಕ್ರೂ ಹಾಕಿದ ಡಾಕ್ಟರಿಗೆ ಫೋನ್ ಮಾಡಿದರೆ, ‘ಇನ್ನೂ ಸ್ವಲ್ಪ ದಿನ ನೋಡಿ’ ಅನ್ನುತ್ತಿದ್ದರಂತೆ. ಆಮೇಲಾಮೇಲೆ ಫೋನು ಎತ್ತುವುದನ್ನೇ ಬಿಟ್ಟರು.

ಕೊನೆಗೆ ನಾವು ಐದೂ ಜನ ಹೈದರಾಬಾದಿಗೆ ಹೋದೆವು. ಅದೇ ಡಾಕ್ಟರು, ಅದೇ ಕೋಣೆ. ಸಂತೋಷನ ಪಾದದ ಗಾಯದ ಕಲೆ ನೋಡಿದವರೇ ಅವರು ತಲೆ ಎತ್ತಿ ರೇವಣಪ್ಪನವರನ್ನು ನೋಡಿದರು.

‘ಯಾರು ಹಾಕಿದ್ದು?’

ರೇವಣಪ್ಪನವರು ಆ ಆಸ್ಪತ್ರೆಯ ಚೀಟಿ ಮುಂದೆ ಸರಿಸಿದರು.

‘ನಾನು ಬೇಡ ಅಂದಿದ್ದೆನಲ್ಲ?’

ಡಾಕ್ಟರು ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಇಬ್ಬರೂ ಮಕ್ಕಳನ್ನು ಮತ್ತೆ ಪರೀಕ್ಷೆ ಮಾಡಿ, ಮಹಾನಂದಾಳ ಕಡೆ ತಿರುಗಿ ಹೇಳಿದರು: ‘ತಾಯೀ, ಇವನ ಕಾಲಿನಿಂದ ತೆಗೆಯಬೇಕು. ಇವಳ ಕಾಲಿಗೆ ಹಾಕಬೇಕು.’

ಇದಕ್ಕಿಂತ ದೊಡ್ಡ ಬೈಗುಳ ನಾನು ಬೇರೆ ಕೇಳಿಲ್ಲ. ರೇವಣಪ್ಪನವರು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಆ ಮನುಷ್ಯ ಅವತ್ತು ಅತ್ತದ್ದು ನಿಜ. ನಾನು ನೋಡಿದೆ. ನನಗೆ ಕನಿಕರ ಬರಬೇಕಿತ್ತೋ ಏನೋ. ‘ನನ್ನ ಮಗನ ಕಾಲು ಹಾಳಾದವಲ್ಲ’ ಅಂತ ಅಳುತ್ತಿದ್ದರು. ಒಳಗೆ ಇಬ್ಬರು ಮಕ್ಕಳಿದ್ದರು. ಬರಲಿಲ್ಲ ನನಗೆ ಕನಿಕರ.

ಇಬ್ಬರದೂ ಒಂದೇ ವಾರದಲ್ಲಿ ಆಯಿತು. ಹುಡುಗನದು ಬೇಗ ವಾಸಿಯಾಯಿತು. ಪಾದ ಮತ್ತೆ ಮೊದಲಿನ ಹಾಗೆ ಚಪ್ಪಟೆ, ಹುಡುಗ ಮತ್ತೆ ಮೊದಲಿನ ಹಾಗೆ ಬ್ಯಾಟು ಹಿಡಿದು ಬೀದಿಗೆ. ಇಷ್ಟಾದ ಮೇಲೂ ಅವನನ್ನು ಮಿಲಿಟರಿ ಶಾಲೆಗೆ ಒಯ್ದರು ಅಪ್ಪ. ಅಲ್ಲಿಯ ಡಾಕ್ಟರು ಎರಡೂ ಪಾದದ ಕಲೆ ನೋಡಿ, ಏನು ಆಪರೇಷನ್ ಅಂತ ಕೇಳಿ, ಬೇಡ ಅಂದುಬಿಟ್ಟರು. ಬಂದು ‘ನಸೀಬ್’ ಅಂದರು ರೇವಣಪ್ಪ. ನಸೀಬ್ ಅಲ್ಲ, ಸ್ವಾಮಿ. ನೀವು.

ಸುವರ್ಣಾಳಿಗೆ ಸಮಯ ಹಿಡಿಯಿತು. ಪ್ಲಾಸ್ಟರು, ಆಮೇಲೆ ಗೋಡೆ ಹಿಡಿದು ನಡೆಯುವುದು, ಆಮೇಲೆ ಮತ್ತೆ ವ್ಯಾಯಾಮ. ಬಲಗಾಲು ಪೂರ್ತಿ ಸರಿಹೋಯಿತು. ಎಡಗಾಲು ಚಳಿಯಲ್ಲಿ ಈಗಲೂ ಸ್ವಲ್ಪ ಹಿಡಿಯುತ್ತದಂತೆ. ಮುಂದೆ ನೋಡೋಣ ಅಂದಿದ್ದಾರೆ ಡಾಕ್ಟರು. ಸುಳ್ಳು ಭರವಸೆ ಕೊಡುವ ಮನುಷ್ಯನಲ್ಲ ಅವರು. ಆದರೆ ಹೋದ ಚಳಿಗಾಲದಲ್ಲಿ ಒಂದು ದಿನ ಆಕೆ ಗೆಳತಿಯರ ಜೊತೆ ಹುಮನಾಬಾದ್ ಬಸ್ ಸ್ಟ್ಯಾಂಡಿನಿಂದ ಮಾಣಿಕನಗರದವರೆಗೆ ನಡೆದು ಹೋಗಿ, ನಡೆದೇ ವಾಪಸ್ ಬಂದಳು. ಆಟೋ ಇರಲಿಲ್ಲ ಅಂತಲ್ಲ. ಇತ್ತು, ಹತ್ತಲಿಲ್ಲ. ಬಂದವಳೇ ನನಗೆ ಫೋನ್ ಮಾಡಿದಳು.

‘ದೊಡ್ಡವ್ವ, ದಾರ್ಯಾಗ ಎಲ್ಲೂ ಕೂಡಲಿಲ್ಲ ನೋಡು!’

ಫೋನ್ ಹಿಡಿದುಕೊಂಡು ನಾನು ಬಸವಕಲ್ಯಾಣದಲ್ಲಿ ಕೂತು ಅತ್ತೆ. ಅಕ್ಕಪಕ್ಕದವರು ಯಾರೋ ಹೋದರು ಅಂದುಕೊಂಡರು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಂತೋಷದ ಲೇಖನ ಆಗುತ್ತಿತ್ತು.

ಕಳೆದ ಭಾನುವಾರ ನಮ್ಮ ಚಿಕ್ಕಪ್ಪನ ಮಗಳ ಕೂಸಿನ ತೊಟ್ಟಿಲ ಕಾರ್ಯ ಕಲ್ಯಾಣದಲ್ಲಿ. ಹೊರಗೆ ಬಿಸಿಲು ಕುದಿಯುತ್ತಿತ್ತು. ಕರೆಂಟಿಲ್ಲ. ಹೆಂಗಸರೆಲ್ಲ ಸೆರಗಿನಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಸುವರ್ಣ ಬಂದಳು. ಹದಿಮೂರು ತುಂಬಿದೆ ಈಗ. ರೇಷ್ಮೆ ಲಂಗ, ಮಲ್ಲಿಗೆ ದಂಡೆ, ನೆಟ್ಟಗೆ ನಡಿಗೆ. ಕಾಲಿಗೆ ಮಾತ್ರ ದಪ್ಪ ಬಿಳಿ ಕಾಲುಚೀಲ. ಆ ಸೆಕೆಯಲ್ಲಿ!

‘ಇದೇನೇ?’ ಅಂದೆ.

ಉತ್ತರ ರೇವಣಪ್ಪನವರಿಂದ ಬಂತು, ತಗ್ಗಿದ ದನಿಯಲ್ಲಿ: ‘ಕಲೆ ಕಾಣ್ತದ ಅಕ್ಕಾರ. ನಾಲ್ಕು ಮಂದಿ ಕೂಡೋ ಜಾಗ. ಇನ್ನ ನಾಲ್ಕೈದು ವರ್ಷದಾಗ ನೋಡಾಕ ಬರೋರು ಇಲ್ಲೇ ಇರ್ತಾರ. ಕಾಲಾಗ ಏನೋ ಹಾಕ್ಯಾರ ಅಂತ ಗೊತ್ತಾದರ ಹ್ಯಾಂಗ? ನೀವೂ ಪೇಪರ್‌ನಾಗ ಗೀಪರ್‌ನಾಗ ಬರೀಬ್ಯಾಡ್ರಿ.’

ಅದೇ ಹೊತ್ತಿಗೆ ಅಂಗಳದಿಂದ ಸಂತೋಷ ಓಡಿ ಬಂದ. ಚಡ್ಡಿ, ಬರಿಗಾಲು. ಎರಡೂ ಹರಡಿನ ಕೆಳಗೆ ಎರಡು ಸಲ ಕೊಯ್ದ ಕಲೆ, ಅಕ್ಕನದಕ್ಕಿಂತ ದೊಡ್ಡದು. ಅಲ್ಲಿದ್ದ ನಾಲ್ಕು ಮಂದಿಯೂ ಅದನ್ನು ನೋಡಿದರು. ‘ಈಗ ಕಾಲು ಆರಾಮ ಅವೇನಪ್ಪ?’ ಅಂತ ಪ್ರೀತಿಯಿಂದ ಕೇಳಿದರು. ಲಾಡು ಕೊಟ್ಟರು. ಅವನ ಕಲೆ ಯಾರ ಕಣ್ಣಿಗೂ ಚುಚ್ಚಲಿಲ್ಲ. ಅವನನ್ನು ಯಾರು ಮಾಡಿಕೊಳ್ಳುತ್ತಾರೆ ಅಂತ ಯಾರೂ ಕೇಳಲಿಲ್ಲ.

ನಾನು ಬಾಯಿ ತೆರೆಯುವುದರೊಳಗೆ ಮಹಾನಂದಾ ಎದ್ದಳು. ತೊಟ್ಟಿಲ ಪಕ್ಕದಿಂದ ಜನರನ್ನು ಸರಿಸಿಕೊಂಡು ಬಂದು, ಮಗಳ ಮುಂದೆ ನೆಲಕ್ಕೆ ಕೂತು, ಎರಡೂ ಕಾಲುಚೀಲ ಎಳೆದು ತೆಗೆದಳು. ಬೆವರಿನಿಂದ ತೊಯ್ದಿದ್ದವು. ಎಲ್ಲರೂ ನೋಡುತ್ತಿದ್ದರು. ಅವುಗಳನ್ನು ಗಂಡನ ಕೈಗೆ ಕೊಟ್ಟಳು.

‘ಇವು ನೀವು ಇಟ್ಕೋರಿ.’

ರೇವಣಪ್ಪನವರು ಅವುಗಳನ್ನು ಹಿಡಿದುಕೊಂಡು ಎಲ್ಲಿ ಇಡಬೇಕು ಗೊತ್ತಾಗದೆ ನಿಂತರು. ಸುವರ್ಣ ಎದ್ದು ಹೋಗಿ ತೊಟ್ಟಿಲ ಹಗ್ಗ ಹಿಡಿದಳು. ಹೋಗುವಾಗ ನನ್ನ ಕಿವಿಯ ಹತ್ತಿರ ಬಾಗಿ, ‘ಬರೀ ದೊಡ್ಡವ್ವ’ ಅಂದಳು.

ಬರೆದಿದ್ದೇನೆ. ಇನ್ನು ನೀವು ಹೇಳಿ: ನಡೆಯಲು ಈಗಷ್ಟೇ ಕಾಲು ಬಂದ ಹುಡುಗಿಗೆ ನಾವು ಕಲಿಸುವ ಮೊದಲ ಪಾಠ, ಆ ಕಾಲನ್ನು ಬಚ್ಚಿಡುವುದೇ?